ಬೀಗತಿಯರ ಟ್ಯಾಂಕ್ ಯುದ್ಧ

ಬೇರೆ ಮನೆಗಳಲ್ಲಿ ಸೊಸೆಯಂದಿರು ಅತ್ತೆಯ ಬಾಯಿಗೆ ಹೆದರುತ್ತಾರಂತೆ. ನಮ್ಮ ಅತ್ತೆಯ ಬಾಯಿಗೆ ಹೆದರಲು ನನಗೆಲ್ಲಿ ಪುರುಸೊತ್ತು? ಅವರ ಬಳಿ ಮೂರು ಟ್ಯಾಂಕುಗಳಿವೆ, ಎರಡು ತೋಪುಗಳಿವೆ! ಎಲ್ಲವೂ ಇಳಕಲ್ಲಿನ ನಮ್ಮ ಪಡಸಾಲೆಯಲ್ಲೇ ತಯಾರಾದವು, ರಿಮೋಟಿನಿಂದ ಓಡುವಂಥವು.

ಕನ್ಯೆ ನೋಡಲು ಬಂದ ದಿನವೇ ನನಗೆ ಅನುಮಾನ ಬರಬೇಕಿತ್ತು. ಎಲ್ಲರೂ ಹಾಡು ಬರುತ್ತದೆಯೇ ಎಂದು ಕೇಳಿದರೆ ಇವರು, "ವಾಯರಿಗೆ ಬೆಸುಗಿ ಹಾಕಾಕ ಬರ್ತೈತೇನವಾ?" ಎಂದಿದ್ದರು.

"ಇಲ್ರಿ, ರೊಟ್ಟಿ ಬಡಿಯಾಕ ಬರ್ತೈತ್ರಿ."

"ರೊಟ್ಟಿ ನನ್ನ ಮಗನೂ ಬಡೀತಾನ ಬಿಡು!"

ಆದರೂ ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡರು.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು ಏನು ಮಾಡುತ್ತಾರೆ? ತೀರ್ಥಯಾತ್ರೆಗೆಂದು ಮಹಾಕೂಟಕ್ಕೆ ಹೋಗಿ ಹೊಂಡದಲ್ಲಿ ಮುಳುಗೇಳುತ್ತಾರೆ. ನಮ್ಮ ಅತ್ತೆ ಸೀದಾ ಗುಜರಿ ಅಂಗಡಿಗೆ ಹೋದರು. ಬಿಸ್ಕತ್ತಿನ ಡಬ್ಬಿ ಟ್ಯಾಂಕಿನ ಮೈಯಾಯಿತು. ಪಕ್ಕದ ನೇಕಾರರು ಎಸೆದ ನೂಲಿನ ಉರುಳೆಗಳು ಗಾಲಿಗಳಾದವು, ಅವುಗಳ ಸುತ್ತ ಸೈಕಲ್ ಟ್ಯೂಬಿನ ಪಟ್ಟಿ ಬಂತು. ಕೇರಿಯ ಮಕ್ಕಳ ಮುರಿದ ಕಾರುಗಳಿಂದ ಮೋಟಾರು, ರಿಮೋಟು. ರಕ್ಷಣೆಗೆ ಮುಂದುಗಡೆ ಪಾಲಿಶ್ ಮಾಡಿದ ಕೆಂಪು ಗ್ರಾನೈಟಿನ ಚೂರು! ಯಾವ ದೇಶದ ಸೈನ್ಯಕ್ಕಿದೆ ಈ ಭಾಗ್ಯ? ಸ್ಪ್ರಿಂಗಿನಿಂದ ಸಿಡಿಯುವ ತೋಪಿಗೆ ಗುಂಡು ಹುಣಸೆ ಬೀಜ. ಒಮ್ಮೆ ಅದು ಗ್ಯಾಸ್ ಸಿಲಿಂಡರ್ ತರುವವನ ಕಾಲಿಗೆ ಬಡಿಯಿತು. ಅಂದಿನಿಂದ ಅವನು ಗೇಟಿನ ಹೊರಗೆ ನಿಂತು ಬಿಳಿ ಟವೆಲ್ ಬೀಸಿ, "ಯವ್ವಾರ, ನಾ ನಿಮ್ಮ ಕಡಿಯಾಂವ್ರೀ!" ಎಂದು ಕೂಗಿದ ಮೇಲೆಯೇ ಒಳಗೆ ಬರುತ್ತಾನೆ.

ಸೈನ್ಯವೇನೋ ಇತ್ತು, ಶತ್ರುವೇ ಇರಲಿಲ್ಲ! ನನ್ನ ಗಂಡ ಮೊದಲ ದಿನವೇ ತಮ್ಮ ಟ್ಯಾಂಕನ್ನು ಬಚ್ಚಲಿಗೆ ಬೀಳಿಸಿ ಶರಣಾದರು. ನಾನೋ, ರಿಮೋಟು ಹಿಡಿದರೆ ಎಡ ಬಲ ಮರೆಯುವವಳು. ಅಷ್ಟರಲ್ಲಿ ಬಾಗಲಕೋಟೆಯಿಂದ ನನ್ನ ಅವ್ವ ಬಂದಳು.

ಅಪ್ಪ ತೀರಿಕೊಂಡು ಏಳು ತಿಂಗಳಾಗಿತ್ತು. ಅವ್ವನ ಮಾತು ಕಡಿಮೆಯಾಗಿತ್ತು. ಒಬ್ಬಳಿಗಾಗಿ ಏನು ಅಡುಗೆ ಎಂದು ಎಷ್ಟೋ ದಿನ ಒಲೆಯನ್ನೇ ಹಚ್ಚುತ್ತಿರಲಿಲ್ಲ. ನಮ್ಮ ಜೊತೆಗೇ ಇರು ಎಂದರೆ, "ಮಗಳ ಮನಿಯಾಗ ಕುಂತು ಉಂಡ್ರ ಮಂದಿ ಏನಂದಾರು? ಬೀಗರ ಮುಂದ ನಾ ಸಣ್ಣಾಕಿ ಆಗೂದಿಲ್ಲ," ಎನ್ನುತ್ತಿದ್ದಳು. ಮುಂಜಾನೆ ಬಂದರೆ ಸಂಜೆ ಬಸ್ಸಿಗೆ ವಾಪಸ್ಸು. ಅವಳು ಹೊರಟು ನಿಂತಾಗಲೆಲ್ಲ ನಾನು ಅವಳ ಚೀಲಕ್ಕೆ ನಾಲ್ಕು ರೊಟ್ಟಿ ತುರುಕುತ್ತಿದ್ದೆ.

ಅಂದು ಅತ್ತೆ ಅವಳ ಕೈಗೆ ರಿಮೋಟು ಕೊಟ್ಟರು. "ಬೀಗರ, ಮೂರು ಗುಂಡು ತಿಂದಾವರು ಸೋತಂಗ. ಯುದ್ಧ ಮುಗಿಯೂತನಾ ಯಾರೂ ಊರಿಗೆ ಹೋಗೂಹಂಗಿಲ್ಲ. ಹೋದ್ರ ಹೇಡಿ ಅಂತೇವಿ!"

ಬೀಗರ ಬಾಯಲ್ಲಿ ಹೇಡಿ ಅನ್ನಿಸಿಕೊಳ್ಳುವುದುಂಟೇ? ಅವ್ವ ಸೆರಗು ಸಿಕ್ಕಿಸಿ ಕುಳಿತಳು. ಅವಳ ಮೊದಲ ಗುಂಡು ಅತ್ತೆಯ ಚಹಾದ ಕಪ್ಪಿಗೆ ಬಿತ್ತು. ಎರಡನೆಯದು ನೇರವಾಗಿ ಟ್ಯಾಂಕಿಗೆ! "ಹೊಡದೆ ನೋಡ್ರಿ!" ಎಂದು ಅವ್ವ ಕೂಗಿದ್ದು ಪಕ್ಕದ ಮಗ್ಗದ ಮನೆಗೂ ಕೇಳಿಸಿತು. ಅಷ್ಟು ದೊಡ್ಡ ದನಿ ಅವಳಲ್ಲಿ ಇನ್ನೂ ಉಳಿದಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಆದರೆ ಯುದ್ಧ ಮುಗಿಯಬೇಕಲ್ಲ! ದಿನಾ ಇಬ್ಬರಿಗೂ ಎರಡೆರಡು ಗುಂಡು ಬೀಳುತ್ತಲೇ ಅತ್ತೆಯ ಟ್ಯಾಂಕಿನ ಗಾಲಿ ಕಳಚಿಕೊಳ್ಳುತ್ತಿತ್ತು. "ಕೆಟ್ಟೈತಿ. ರಿಪೇರಿ ನಾಳೆ. ಮತ್ತ ಮೊದಲಿಂದ ಆಡೂದು!" ಅವ್ವನ ಸೀರೆಗಳು ಒಂದೊಂದಾಗಿ ನನ್ನ ಕಪಾಟು ಸೇರಿದವು. ಕುರುಕ್ಷೇತ್ರದ ಯುದ್ಧವೇ ಹದಿನೆಂಟು ದಿನಕ್ಕೆ ಮುಗಿದಿತ್ತು, ಇವರದು ತಿಂಗಳು ದಾಟಿತು.

ಒಂದು ಮಧ್ಯಾಹ್ನ ನೋಡುತ್ತೇನೆ, ಅತ್ತೆ ಚೆನ್ನಾಗಿದ್ದ ಟ್ಯಾಂಕಿನ ಸ್ಕ್ರೂ ಸಡಿಲಿಸುತ್ತಿದ್ದಾರೆ!

"ಏನ್ ಮಾಡಾಕತ್ತೀರಿ ಅತ್ತಿ?"

"ಹಗೂರ ಮಾತಾಡು. ಯಾರರ ಒಬ್ಬರು ಗೆದ್ರ ನಿಮ್ಮವ್ವ ಸಂಜೀ ಬಸ್ ಹತ್ತತಾಳ. ಅಲ್ಲಿ ಒಬ್ಬಾಕಿನ ಏನ್ ಉಣ್ತಾಳು?"

ನನಗೆ ಕಣ್ಣು ತುಂಬಿಬಂತು. ಇದು ಅವ್ವನಿಗೆ ತಿಳಿದರೆ ಆ ಗಳಿಗೆಯಲ್ಲೇ ಹೊರಟುಬಿಡುತ್ತಾಳೆ ಎಂಬ ಭಯವೂ ಆಯಿತು. ಅವಳು ಎಲ್ಲಿದ್ದಾಳೋ ಎಂದು ಹಿತ್ತಲಿಗೆ ಓಡಿದೆ. ಅಲ್ಲಿ ಹುಣಸೆ ಬೀಜ ತೊಳೆದು ಒಣಹಾಕುತ್ತಿದ್ದಳು.

"ಏನವಾ, ನಿಮ್ಮತ್ತಿ ಇವತ್ತಿನ ಟ್ಯಾಂಕ್ ಕೆಡಿಸಿದ್ರೇನು?" ಎಂದಳು, ತಲೆ ಎತ್ತದೆ.

ಇವಳಿಗೆ ಎಲ್ಲ ಗೊತ್ತಾಗಿಬಿಟ್ಟಿತ್ತು! ಅವ್ವ ಮೆಲ್ಲಗೆ ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಒಳಗೆ ಮೂರು ಪುಟ್ಟ ಸ್ಕ್ರೂಗಳಿದ್ದವು.

"ಪಾಪ, ಮರತು ಕಟ್ಟಿ ಮ್ಯಾಲ ಬಿಟ್ಟಿದ್ರು. ಮತ್ತ ಹಾಕಿ ಗೀಕಿ ಗಟ್ಟಿ ಮಾಡ್ಯಾರು ಅಂತ ನಾನ ಎತ್ತಿಟ್ಟೇನಿ," ಎಂದು ಗಂಟನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಕೊಂಡಳು.