ಸೊನ್ನೆಗೆ ಸೇರಿಸಿದ ಒಂದು

ನನಗೆ ಬುದ್ಧಿ ಇಲ್ಲವೆಂದು ಯಾರಾದರೂ ಅಂದರೆ ಸಹಿಸಿಕೊಳ್ಳಬಲ್ಲೆ. ಬುದ್ಧಿ ಜಾಸ್ತಿಯಾಯಿತು ಅಂದರೆ ಮಾತ್ರ ಮೈ ಉರಿಯುತ್ತದೆ, ಏಕೆಂದರೆ ಅದು ನಿಜ. ಹೊಳಲ್ಕೆರೆಯಲ್ಲಿ ಮದುವೆ ವಿಡಿಯೊ ತೆಗೆದು ಬದುಕುವ ನಾನು, ದೊಡ್ಡ ಫೈಲು ಕಳಿಸಲು ಪರರ ಹಂಗೇಕೆಂದು ಮನೆಯ ಹಳೆಯ ಕಂಪ್ಯೂಟರನ್ನೇ ರಿಲೇ ಮಾಡಹೊರಟೆ. ರಿಲೇ ಎಂದರೆ ನಡುವೆ ನಿಂತು ಈ ಕೈಯಿಂದ ಇಸಿದುಕೊಂಡು ಆ ಕೈಗೆ ದಾಟಿಸುವ ಯಂತ್ರ. ಅದಕ್ಕೆ ಪೋರ್ಟ್ ತೆರೆಯಬೇಕು. ಪೋರ್ಟ್ ಎಂದರೆ ನಂಬರ್ ಬರೆದ ಬಾಗಿಲು. ಕಂಪ್ಯೂಟರಿನಲ್ಲಿ ಇರುವ ನಂಬರೇ ಗೋಡೆಯ ಮೇಲಿನ ರೂಟರಿನಲ್ಲೂ ಇರಬೇಕು. ಇಷ್ಟೇ. ಇಷ್ಟರಲ್ಲೇ ನಾನು ಮುಳುಗಿದೆ.

ಮತ್ತೋಡಿನ ನಮ್ಮ ದೊಡ್ಡಮ್ಮ ಸೊಂಟ ಮುರಿದುಕೊಂಡು ಮೊಮ್ಮಗಳ ಮದುವೆಗೇ ಬಂದಿರಲಿಲ್ಲ. ಶುಕ್ರವಾರ ಸಂಜೆ ಹುಡುಗಿ ಗಂಡನ ಮನೆಗೆ ಹೊರಡುವುದರೊಳಗೆ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನು ತೆಗೆದ ಧಾರೆಯ ವಿಡಿಯೊ ನೋಡಬೇಕೆಂದು ಮುದುಕಿಯ ಆಸೆ. ಮಧ್ಯಾಹ್ನದೊಳಗೆ ಕಳಿಸುತ್ತೇನೆಂದು ಮಾತು ಕೊಟ್ಟಿದ್ದೆ. ಬೆಳಿಗ್ಗೆಯೇ ಹೆಂಡತಿ, "ಪೆನ್‌ಡ್ರೈವಿಗೆ ಹಾಕಿ ಹೊಸದುರ್ಗದ ಬಸ್ಸಿನ ಕಂಡಕ್ಟರ್ ಕೈಗೆ ಕೊಡ್ರಿ, ಮತ್ತೋಡಲ್ಲಿ ಇಳಿಸ್ತಾನೆ, ಮೊನ್ನೆ ಹೂವಿನ ಬುಟ್ಟಿ ಹಂಗೇ ಹೋತು" ಎಂದಳು. ರಿಲೇ ಇಟ್ಟವನಿಗೆ ಬಸ್ಸೇ? ಕೇಳಿಸದವನಂತೆ ಕುಳಿತೆ.

ಆಮೇಲಿನದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಟೀವಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಕಾಯುತ್ತಿದ್ದ ಮೊಮ್ಮಗಳು ಫೋನಿನಲ್ಲಿ, ಇನ್ನೂ ಏನೂ ಬಂದಿಲ್ಲ ಎನ್ನುವಳು. ನಾನು ರೂಟರನ್ನು ಆರಿಸಿ ಮತ್ತೆ ಹಚ್ಚುವೆ. ಊಟ ಬಿಟ್ಟೆ. ಮನೆ ಮುಂದೆಯೇ ಮೂರು ಬಸ್ಸು ಹೋದವು. ಪ್ರತಿ ಹಾರನ್ನಿಗೂ ಹೆಂಡತಿ ನನ್ನ ಮುಖ ನೋಡಿದಳು.

ಐದು ಗಂಟೆಗೆ, ಕಾರು ಬಂತೆಂದು ಹುಡುಗಿ ಫೋನ್ ಇಟ್ಟಳು. ಆಗ ಹೆಂಡತಿ ಬಂದು ಎರಡು ಕಡೆಯ ನಂಬರನ್ನೂ ಗಟ್ಟಿಯಾಗಿ ಓದಿದಳು. ಕಂಪ್ಯೂಟರಿನಲ್ಲಿ ಒಂಬತ್ತು ಸಾವಿರ, ರೂಟರಿನಲ್ಲಿ ಒಂಬತ್ತು ಸಾವಿರದ ಒಂದು. ಆ ಒಂದನ್ನು ಸೇರಿಸಿದವನು ನಾನೇ. ಮದುವೆಯ ವಿಷಯ, ಸೊನ್ನೆಗೆ ಮುಗಿಯಬಾರದೆಂದು, ಮುಯ್ಯಿಯ ಕವರಿಗೆ ಒಂದು ರೂಪಾಯಿ ಸೇರಿಸಿ ರೂಢಿಯಾದ ಕೈ ತಾನಾಗಿ ಒತ್ತಿಬಿಟ್ಟಿತ್ತು. ಶಾಸ್ತ್ರಗೀಸ್ತ್ರ ಎಂದು ಹೆಂಡತಿಯನ್ನು ದಿನಾ ಹಂಗಿಸುತ್ತಿದ್ದವನೂ ನಾನೇ.

ನಾಚಿಕೆ ಬಿಟ್ಟು ದೊಡ್ಡಮ್ಮನಿಗೆ ಫೋನ್ ಮಾಡಿದೆ.

"ಇರ್ಲಿ ಬಿಡಪ್ಪ. ಈಗ ಬರ್ತೈತೆ, ಈಗ ಬರ್ತೈತೆ ಅಂತ ಇಬ್ರೂ ಟೀವಿ ಮುಂದೇ ಕುಂತಿದ್ವಿ. ಅವಳ ಕೂಡೆ ನಾಕು ಮಾತಾಡಕ್ಕೂ ಆಗ್ಲಿಲ್ಲ" ಎಂದಳು.

ಬೈದಿದ್ದರೆ ವಾಸಿಯಾಗಿತ್ತು. ಪೆಚ್ಚುಮೋರೆ ಹಾಕಿಕೊಂಡು ಎರಡು ಕಡೆಯೂ ಒಂದೇ ನಂಬರ್ ಮಾಡಿದೆ. ಪರೀಕ್ಷೆಗೆ ಕಳಿಸಿದ ಫೈಲು ಸರಾಗವಾಗಿ ದಾಟಿತು. ಹೆಂಡತಿ ಬಗ್ಗಿ ಪರದೆ ನೋಡಿ ಒಳಗೆ ಹೋದಳು. ರೂಟರಿನ ಒಂದನ್ನು ನಾನು ಅಳಿಸಿರಲಿಲ್ಲ. ಕಂಪ್ಯೂಟರಿನ ಕೊನೆಯ ಸೊನ್ನೆಯನ್ನೇ ಒಂದು ಮಾಡಿದ್ದೆ.