ಮಡಗಾಂವದ ಖರೀದಿಪತ್ರದಲ್ಲಿ ನಾನು ಬ್ರಹ್ಮಚಾರಿ

ಕಾಗದಪತ್ರ ಮಾಡಿಸುವುದರಲ್ಲಿ ಹಳಿಯಾಳದ ಪೇಟೆಗೆಲ್ಲ ನಾನೇ ಜಾಣ ಎಂದು ಬಹಳ ಕಾಲ ನಂಬಿದ್ದೆ. ಕಾರಣವಿತ್ತು. ನಮ್ಮೂರ ಕಚೇರಿಯ ಕಟ್ಟೆಯ ಮೇಲೆ ಕೂತು ಖರೀದಿಪತ್ರ ಬರೆಯುವವರು ಆಗ ಸಾಲಿಗಿಷ್ಟು ಎಂದು ದುಡ್ಡು ತೆಗೆದುಕೊಳ್ಳುತ್ತಿದ್ದರು. ಹೀಗಾಗಿ ಬರೆಸುವವರೆಲ್ಲ ಮಾತು ಕಡಿಮೆ ಮಾಡುತ್ತಿದ್ದರು. ನಾನಂತೂ ಅಕ್ಕಿ ಅಂಗಡಿಯ ಜಾಗ ಕೊಂಡಾಗ ಅಜ್ಜನ ಹೆಸರು, ಅಡ್ಡಹೆಸರು, ಪೂರ್ವಕ್ಕಿದ್ದ ಬಾವಿ ಎಲ್ಲವನ್ನೂ ಬರೆಯದೆ ಬಿಡಿಸಿ, ಇಡೀ ಆಸ್ತಿಯನ್ನು ಅರ್ಧ ಪುಟದಲ್ಲಿ ಕೂಡಿಸಿದ್ದೆ! ನನ್ನನ್ನು ದೂರದಿಂದ ಕಂಡರೆ ಬರೆಯುವವನು ಮಸಿಯ ದೌತಿಯ ಮುಚ್ಚಳ ಹಾಕುತ್ತಿದ್ದ.

ಇಂಥ ನಾನು ಪರದೇಶದಲ್ಲಿ ಆಸ್ತಿ ಮಾಡಲು ಹೊರಟೆ. ಅದಕ್ಕೆ ಹಡಗು ಹತ್ತಬೇಕಾಗಿರಲಿಲ್ಲ. ಗೋವೆ ಆಗ ಪೋರ್ತುಗೀಜರದು. ಅಳ್ನಾವರದಲ್ಲಿ ರೈಲು ಹತ್ತಿ, ಕ್ಯಾಸಲ್‌ರಾಕಿನಲ್ಲಿ ಜಕಾತಿಯವರಿಗೆ ಗಂಟು ಬಿಚ್ಚಿ ತೋರಿಸಿ, ಘಟ್ಟ ಇಳಿದರೆ ಪರದೇಶ! ನಮ್ಮ ಮನೆತನದವರೂ ಮೂರು ತಲೆಮಾರಿನ ಹಿಂದೆ ಅಲ್ಲಿಂದ ಬಂದವರೇ. ಈಗ ಮನೆಮಾತೂ ಕನ್ನಡವಾಗಿಹೋಗಿತ್ತು. ಮಡಗಾಂವದ ಹತ್ತಿರ ಒಂದು ತೆಂಗಿನ ತೋಟ ಮಾರಾಟಕ್ಕಿದೆ ಎಂದು ಕೇಳಿ ನನಗೆ ಪೂರ್ವಜರ ಮೇಲೆ ಒಮ್ಮೆಲೇ ಅಭಿಮಾನ ಉಕ್ಕಿತು.

ಅಭಿಮಾನವಿತ್ತು, ದುಡ್ಡಿರಲಿಲ್ಲ. ಹೆಂಡತಿ ಶಾಂತಾಬಾಯಿ ಪೆಟ್ಟಿಗೆ ತೆಗೆದಳು.

"ನಮ್ಮವ್ವ ಕೊಟ್ಟ ಬಂಗಾರದ ಪಾಟಲಿ ಅದಾವ. ಮಾರಿ ತಗೋರಿ. ಆದ್ರ ತ್ವಾಟದಾಗ ನನ್ನ ಹೆಸರೂ ಬರಬೇಕು ನೋಡ್ರಿ."

"ಬರದ ಎಲ್ಲಿ ಹೋಗ್ತೈತಿ? ಮದಲ ನಿನ್ನ ಹೆಸರ ಬರಸ್ತೇನಿ!" ಎಂದೆ. ಆಗ ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

ಮಡಗಾಂವದ ವಕೀಲ ಕಾಮತರು ಹುಡುಗತನದಲ್ಲಿ ಧಾರವಾಡದ ಮಾವನ ಮನೆಯಲ್ಲಿ ಬೆಳೆದವರು. ಕನ್ನಡ ಮಾತಾಡುತ್ತಿದ್ದರು. ಹೋದ ಕೂಡಲೇ ಫೀ ಎಷ್ಟು ಎಂದು ಕೇಳಿದೆ.

"ನೀವು ನಮ್ಮವರ ಅದೀರಿ. ಅದೇನ್ ದೊಡ್ಡ ಮಾತು, ಆಮ್ಯಾಲೆ ನೋಡೂಣು ಬಿಡ್ರಿ."

'ಆಮೇಲೆ ನೋಡೋಣ' ಎಂದವರು ಆಮೇಲೆ ಏನು ನೋಡುತ್ತಾರೆಂದು ವ್ಯಾಪಾರಿಯಾದ ನನಗೆ ಗೊತ್ತಿಲ್ಲವೇ? ಪತ್ರವನ್ನು ಆದಷ್ಟು ಚಿಕ್ಕದಾಗಿ ಮುಗಿಸಬೇಕೆಂದು ಅಲ್ಲೇ ನಿಶ್ಚಯಿಸಿದೆ. ಅಜ್ಜನ ಹೆಸರು ಕೇಳಿದರು, ನೆನಪಿಲ್ಲ ಎಂದೆ. ಅಡ್ಡಹೆಸರು ಕೇಳಿದರು, ಬೇಡ ಎಂದೆ.

"ಲಗ್ನ ಆಗೇತೇನ್ರಿ?"

ಹೌದೆಂದರೆ ಹೆಂಡತಿಯ ಹೆಸರು, ಅವಳಪ್ಪನ ಹೆಸರು, ಅವಳ ತವರೂರು. ಅದೂ ಪೋರ್ತುಗೀಜಿನಲ್ಲಿ! ಸಾಲಿನ ಮೇಲೆ ಸಾಲು ಕಣ್ಣ ಮುಂದೆ ಓಡಿದವು.

"ಇಲ್ರಿ," ಎಂದೆ.

ವಕೀಲರು ಲೇಖನಿ ಕೆಳಗಿಟ್ಟು ನನ್ನನ್ನು ಪಾದದಿಂದ ತಲೆಯವರೆಗೆ ನೋಡಿದರು.

"ಅಂಗಡಿ ಸ್ವಂತದ್ದೇನ್ರಿ? ಕುಡಿಯೂದು ಗಿಡಿಯೂದು? ಹಲ್ಲು ಎಲ್ಲಾ ಗಟ್ಟಿ ಅದಾವಲ್ಲ?"

ತೋಟ ಕೊಳ್ಳುವವನ ಹಲ್ಲಿನ ಗೊಡವೆ ಪೋರ್ತುಗೀಜ ಸರಕಾರಕ್ಕೆ ಯಾಕೆ? ಒಂದೊಂದು ದೇಶದ ಕಾನೂನು ಒಂದೊಂದು ತರಹ ಇರಬಹುದು ಎಂದು ಬಾಯಿ ತೆರೆದು ತೋರಿಸಿದೆ!

ಮಧ್ಯಾಹ್ನ ಅವರ ಮನೆಯಲ್ಲೇ ಊಟ. ಬಡಿಸಿದವಳು ಮದುವೆಗೆ ಬಂದ ಅವರ ತಂಗಿಯ ಮಗಳು. ಬಾಗಿಲ ಹಿಂದಿನಿಂದ ತಂಗಿ ನನ್ನನ್ನೇ ನೋಡುತ್ತಿದ್ದರು. ಆಗ ನನಗೆ ಹಲ್ಲಿನ ಕಾನೂನು ಅರ್ಥವಾಯಿತು. ಅಲ್ಲೇ ಬಾಯಿ ಬಿಟ್ಟು ನಿಜ ಹೇಳಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಆದರೆ ಬಾಯಲ್ಲಿ ಬಂಗಡೆ ಮೀನಿತ್ತು. ಮೇಲಾಗಿ ಪತ್ರಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ. ಸಹಿ ಮಾಡಿ ಘಟ್ಟ ಹತ್ತಿಬಿಟ್ಟರೆ ಅವರ ದೇಶ ಅವರಿಗೆ, ನಮ್ಮ ದೇಶ ನಮಗೆ ಎಂದು ಸಮಾಧಾನ ಮಾಡಿಕೊಂಡು ಇನ್ನೊಂದು ಬಂಗಡೆ ಹಾಕಿಸಿಕೊಂಡೆ.

ಸಾಯಂಕಾಲ ಸಹಿಯಾಯಿತು. "ಸಾಲು ಭಾಳ ಆಗಿಲ್ಲಲ್ರಿ?" ಎಂದು ಕೇಳಿದೆ.

"ನಮ್ಮಲ್ಲಿ ಸಾಲಿನ ಲೆಕ್ಕ ಎಲ್ಲೈತ್ರಿ? ತ್ವಾಟದ ಬೆಲಿ ನೋಡಿ ಒಟ್ಟಾರೆ ಫೀ. ನೀವು ಹಳಿಯಾಳದ ಎಲ್ಲಾ ಮಂದಿ ಹೆಸರ ಬರಿಸಿದ್ರೂ ಇಷ್ಟ ಆಗತಿತ್ತು!"

ಮನೆಗೆ ಬಂದೊಡನೆ ಶಾಂತಾಬಾಯಿ ಪತ್ರ ಬಿಡಿಸಿ, "ಎಲ್ಲೈತ್ರಿ ನನ್ನ ಹೆಸರು?" ಎಂದಳು. ಪೋರ್ತುಗೀಜು ಇಬ್ಬರಿಗೂ ಬಾರದು. ನಾನು ಗಾಬರಿಯಲ್ಲಿ ಒಂದು ಪದದ ಮೇಲೆ ಬೆರಳಿಟ್ಟೆ. ಅವಳು ಅದಕ್ಕೆ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟಳು. ಪಾಟಲಿಯಿಲ್ಲದ ಅವಳ ಖಾಲಿ ಪೆಟ್ಟಿಗೆ ನೋಡಿ ನನಗೆ ಅಂದು ಊಟ ಸೇರಲಿಲ್ಲ.

ಹದಿನೈದು ದಿನ ಕಳೆದಿರಬಹುದು. ಅಂಗಡಿಯಿಂದ ಊಟಕ್ಕೆ ಬಂದರೆ ಜಗಲಿಯ ಮೇಲೆ ವಕೀಲ ಕಾಮತರು! ಪಕ್ಕದಲ್ಲಿ ತಂಗಿ, ತಂಗಿಯ ತೊಡೆಯ ಮೇಲೆ ಹುಡುಗಿಯ ಜಾತಕ. ವರನ ಮನೆ ನೋಡಲು ಬಂದಿದ್ದರು. ಶಾಂತಾಬಾಯಿ ಅವರಿಗೆ ಅವಲಕ್ಕಿ ಕೊಟ್ಟು ಎದುರಿಗೆ ಕೂತಿದ್ದಳು.

"ಬರ್ರಿ ಬರ್ರಿ," ಎಂದಳು ನನಗೆ. "ಇವ್ರು ನನ್ನ ನಿಮ್ಮ ಅಕ್ಕ ಅಂತ ತಿಳ್ಕೊಂಡಿದ್ರು. ಹೆಂಡ್ತಿ ಅಂದೆ. ಅವಲಕ್ಕಿ ಗಂಟಲಾಗ ಸಿಕ್ಕೊಂತು ಪಾಪ."

ವಕೀಲರು ಅವಳು ತಂದು ತೋರಿಸಿದ ಕುಂಕುಮ ಹತ್ತಿದ ಪತ್ರ ಹಿಡಿದು ಕೆಮ್ಮುತ್ತಿದ್ದರು. "ಇದು ನಿಮ್ಮ ಹೆಸರಲ್ರಿ ಬಾಯಾರ. 'ಬ್ರಹ್ಮಚಾರಿ' ಅಂತ ಬರದೈತಿ!"

ನಾನು ಬೆರಳಿಟ್ಟ ಪದ ಅದೇ ಆಗಿತ್ತು.

ಶಾಂತಾಬಾಯಿ ಅಳಲಿಲ್ಲ, ಬೈಯಲೂ ಇಲ್ಲ. "ನಮ್ಮವ್ವನ ಪಾಟಲಿ ಹಾಕಿ ಬ್ರಹ್ಮಚಾರಿಗೆ ತ್ವಾಟ ಕೊಡಿಸಿದೆ ಅಂದಂಗಾತು," ಎಂದಳು. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಆಮೇಲೆ ಅವಳು ವಕೀಲರತ್ತ ತಿರುಗಿ, "ಇದನ್ನ ನೆಟ್ಟಗ ಮಾಡಾಕ ಏನ್ ದಾರಿ ಐತ್ರಿ?" ಎಂದು ಕೇಳಿದಳು.

"ಪತ್ರ ತಿದ್ದಬೇಕು. ನಮ್ಮ ಗೋವೆದಾಗ ಗಂಡನ ಆಸ್ತಿದಾಗ ಹೆಂಡ್ತಿಗೆ ಅರ್ಧ ಪಾಲು."

"ಅರ್ಧ? ಎಂಥಾ ಚಲೋ ಸರಕಾರರಿ! ಹಂಗಾರ ನೀವ ನನ್ನ ವಕೀಲರಾಗ್ರಿ."

ನನ್ನ ವಕೀಲರು ಕಣ್ಣೆದುರಿಗೇ ಹೆಂಡತಿಯ ವಕೀಲರಾದರು! ನಾನು ಮಡಗಾಂವದಲ್ಲಿ ಇನ್ನೊಬ್ಬರನ್ನು ಹುಡುಕಬೇಕಾಯಿತು. ನಮ್ಮ ಮದುವೆ ಆದದ್ದು ನಿಜವೆಂದು ಭಟ್ಟರಿಂದ ಬರೆಸಿ, ಅದನ್ನು ಪೋರ್ತುಗೀಜಿಗೆ ಮಾಡಿಸಿ, ಹೆಂಡತಿಯನ್ನು ರೈಲಿನಲ್ಲಿ ಕಿಡಕಿಯ ಪಕ್ಕ ಕೂಡಿಸಿಕೊಂಡು ಹೋದೆ. ತಿದ್ದುಪಡಿಯ ಫೀ, ಭಾಷಾಂತರದ ಫೀ, ನನ್ನ ವಕೀಲರ ಫೀ. ಅವಳ ವಕೀಲರ ಫೀ ಕೂಡ ನಾನೇ ಕೊಡತಕ್ಕದ್ದೆಂದು ಇಬ್ಬರು ವಕೀಲರೂ ಒಮ್ಮತದಿಂದ ಅಭಿಪ್ರಾಯಪಟ್ಟರು. ಇಡೀ ವ್ಯವಹಾರದಲ್ಲಿ ಅವರು ಒಪ್ಪಿಕೊಂಡ ಮಾತು ಅದೊಂದೇ.

"ಅಷ್ಟು ದುಡ್ಡು ಎಲ್ಲಿಂದ ತರ್ಲಿ, ಶಾಂತಾ?" ಎಂದೆ.

"ನಿಮ್ಮ ಅರ್ಧ ಐತೆಲ್ಲ, ಮಾರ್ರಿ."

ಕಾಮತರೇ ಅದನ್ನು ಕೊಂಡರು. ಎಲ್ಲರ ಫೀ ತೀರಿದ ಮೇಲೆ ನನ್ನ ಕೈಗೆ ಬಂದದ್ದು ರೈಲಿನ ಚಾರ್ಜು. ಮುಂದಿನ ವೈಶಾಖದಲ್ಲಿ ಅವರ ತಂಗಿಯ ಮಗಳಿಗೆ ಒಳ್ಳೆಯ ಕಡೆ ಸಂಬಂಧ ಕೂಡಿಬಂತು. ಆ ಅರ್ಧ ತೋಟವನ್ನು ಅವಳಿಗೇ ಉಡುಗೊರೆ ಕೊಟ್ಟರು. ಈಗ ಪರದೇಶದ ನನ್ನ ಆಸ್ತಿಗೆ ಇಬ್ಬರು ಒಡತಿಯರಿದ್ದಾರೆ. ಒಬ್ಬಳು ನಾನು ಮದುವೆಯೇ ಆಗಿಲ್ಲವೆಂದು ಹೇಳಿದ ಹೆಂಡತಿ. ಇನ್ನೊಬ್ಬಳು ನಾನು ಮದುವೆಯಾಗದ ಹುಡುಗಿ. ಇಬ್ಬರೂ ಬಹಳ ಅನ್ಯೋನ್ಯವಾಗಿದ್ದಾರೆ. ಕಾಯಿ ಇಳಿಸುವ ಕಾಲಕ್ಕೆ ನಾನೂ ಹೋಗುತ್ತೇನೆ, ಚೀಲ ಹೊರುವುದಕ್ಕೆ.