ಕಂಬ ತಡೆದ ಚೆಂಡು

ಬನ್ನಿ ಮಕ್ಕಳೇ, ಹತ್ತಿರ ಬನ್ನಿ, ಕಾಲು ಚಾಚಿ ಕೂತ್ಕೊಳ್ಳಿ. ಗೋಡೆ ಬೇಕಾದವರು ಗೋಡೆಗೆ ಒರಗಿ. ನನ್ನ ಮೊಣಕಾಲೇ ಬೇಕೆನ್ನುವವರು ಎಡಗಡೆಯದಕ್ಕೆ ಒರಗಿ, ಬಲಗಡೆಯದು ನೋಯುತ್ತದೆ. ನಾನೀಗ ಹೇಳಹೊರಟಿರುವುದು ಒಂದು ಫುಟ್‌ಬಾಲ್ ಕ್ಲಬ್ಬಿನ ಇತಿಹಾಸ. ಇತಿಹಾಸ ಅಂದಮೇಲೆ ಅದರಲ್ಲಿ ಸುಳ್ಳಿರುವುದಿಲ್ಲ. ಇದ್ದರೂ ಸಮಿತಿಯವರು ಕೂತು ಸರಿಮಾಡಿರುತ್ತಾರೆ.

ಆ ಕ್ಲಬ್ಬು ಹುಟ್ಟಿದಂದಿನಿಂದ ಒಂದು ಪಂದ್ಯವನ್ನೂ ಸೋತಿಲ್ಲ. ಇದು ಅಚ್ಚಾದ ಮಾತು.

ಅಚ್ಚಾಗುವುದಕ್ಕೆ ಮುಂಚೆ ಮಾತ್ರ ಸೋಲುತ್ತಿತ್ತು. ಭಾನುವಾರ ಸೋಲುತ್ತಿತ್ತು, ಆಟವಿದ್ದರೆ ಬುಧವಾರವೂ ಸೋಲುತ್ತಿತ್ತು. ಆಟಗಾರರೆಲ್ಲ ಸಂಬಳದವರು, ಹೊತ್ತಿಗೆ ಸರಿಯಾಗಿ ಬಂದು, ಬೂಟಿನ ದಾರ ಬಿಗಿದು, ಶ್ರದ್ಧೆಯಿಂದ ಸೋತು ಮನೆಗೆ ಹೋಗುತ್ತಿದ್ದರು. ಯಾರೂ ಅವರನ್ನು ಸೋಮಾರಿಗಳು ಅನ್ನುವ ಹಾಗಿರಲಿಲ್ಲ.

ಆ ತಂಡದ ಗೋಲ್‌ಕೀಪರನನ್ನು ಎಲ್ಲರೂ ಚಿಲಕ ಅಂತ ಕರೆಯುತ್ತಿದ್ದರು. ಬಾಗಿಲಿಗೆ ಚಿಲಕ ಹೇಗೋ ಗೋಲಿಗೆ ಇವನು ಹಾಗೆ ಅಂತ ಯಾರೋ ಅಭಿಮಾನಿ ಇಟ್ಟ ಹೆಸರು. ಚಿಲಕ ಸ್ವಲ್ಪ ಸಡಿಲವಾಗಿತ್ತು ಅನ್ನುವುದು ಬೇರೆ ಮಾತು. ಆದರೆ ಒಂದು ಸಲ, ಒಂದೇ ಒಂದು ಸಲ, ಅದು ಗಟ್ಟಿಯಾಗಿ ಬಿತ್ತು.

ಆ ದಿನದ ಪಂದ್ಯ ಗೆಲ್ಲದಿದ್ದರೆ ಕ್ಲಬ್ಬು ಕೆಳಗಿನ ದರ್ಜೆಗೆ ಇಳಿದು, ಬಾಗಿಲು ಹಾಕಬೇಕಾಗಿತ್ತು. ಇವರು ಹೇಗೋ ಒಂದು ಗೋಲು ಮುಂದಿದ್ದರು. ಹೇಗೆ ಮುಂದಾದೆವು ಅಂತ ಅವರಿಗೇ ಗಾಬರಿ. ಆಟ ಮುಗಿಯುವ ಹೊತ್ತಿಗೆ ಎದುರಾಳಿಗಳಿಗೆ ಪೆನಾಲ್ಟಿ ಸಿಕ್ಕಿತು. ಎದುರಿಗೆ ಗೂಳಿಯ ಕತ್ತಿನ ಆಟಗಾರ. ಅವನು ಹೊಡೆದ, ಚಿಲಕ ಎಡಕ್ಕೆ ಹಾರಿದ. ಚೆಂಡು ಅವನ ಉಂಗುರದ ಬೆರಳಿಗೆ ಬಡಿದು ಕಂಬದ ಹೊರಗೆ ಹೋಯಿತು. ಕ್ಲಬ್ಬು ಉಳಿಯಿತು, ಬೆರಳು ಕೊಕ್ಕೆಯ ಹಾಗೆ ಬಾಗಿತು. ಇವತ್ತಿಗೂ ಹಾಗೇ ಇದೆ. ಅವನು ಚೀಲ ತಗುಲಿಸಿಕೊಳ್ಳುವುದು ಆ ಬೆರಳಿಗೇ.

ಊರೆಲ್ಲ ಅದನ್ನು ನೋಡಿತು, ಅವನ ಹೆಂಡತಿಯೊಬ್ಬಳನ್ನು ಬಿಟ್ಟು. ಅವಳು ಟೈಲರಮ್ಮ, ಕ್ಲಬ್ಬಿನ ಅಂಗಿಗಳಿಗೆಲ್ಲ ನಂಬರು ಹೊಲಿಯುವವಳು. ಮುಂದಿನ ಸಾಲಿನಲ್ಲೇ ಕೂತಿದ್ದವಳು ಸರಿಯಾಗಿ ಆ ಹೊತ್ತಿಗೆ ಹೆದರಿ ಕಣ್ಣು ಮುಚ್ಚಿಕೊಂಡಳು.

"ನಾನು ಕಣ್ಣು ಬಿಟ್ಟಾಗ ನೀವು ಮಣ್ಣಲ್ಲಿ ಬಿದ್ದಿದ್ರಿ," ಅನ್ನುತ್ತಿದ್ದಳು. "ಹಾರಿ ಬಿದ್ರೋ ಜಾರಿ ಬಿದ್ರೋ ನಂಗೇನು ಗೊತ್ತು?"

"ಊರೆಲ್ಲ ಹೇಳತ್ತಲ್ಲೇ!"

"ಊರಿನ ಬಾಯಿಗೇನು ರೀ, ನಮ್ಮ ಮದುವೇಲಿ ನೀವು ಚೆನ್ನಾಗಿ ಕಾಣ್ತಿದ್ರಿ ಅಂತಾನೂ ಹೇಳಿತ್ತು."

ಹೀಗೇ ವರ್ಷಗಳು ಹೋದವು. ಚಿಲಕ ಆಟ ಬಿಟ್ಟು ಅದೇ ಮೈದಾನದ ಗೇಟಿನಲ್ಲಿ ಟಿಕೆಟ್ ಹರಿಯುವ ಕೆಲಸಕ್ಕೆ ಸೇರಿದ. ತಲೆ ನರೆಯಿತು. ವಾದ ಮಾತ್ರ ನರೆಯಲಿಲ್ಲ.

ಅಷ್ಟರಲ್ಲಿ ಕ್ಲಬ್ಬಿನ ಸುವರ್ಣ ವರ್ಷ ಬಂತು. ಇತಿಹಾಸ ಬರೆಸುವುದೆಂದು ಠರಾವಾಯಿತು. ಸುದ್ದಿ ಕೇಳಿ ಚಿಲಕ ಓಡೋಡಿ ಮನೆಗೆ ಬಂದ.

"ಅಚ್ಚಾಗಿ ಬಂದ್ರೆ ನಂಬ್ತೀಯೇನೇ?"

ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತಾ ಯೋಚಿಸಿದಳು. "ಅಚ್ಚಾಗಿ ಬರಲಿ, ನಂಬ್ತೀನಿ. ಅಚ್ಚಿನ ಅಕ್ಷರದ ಹತ್ರ ನಾನೇಕೆ ಜಗಳ ಆಡಲಿ?"

ಚಿಲಕನಿಗೆ ಆವತ್ತು ಊಟ ಸೇರಲಿಲ್ಲ, ಅಷ್ಟು ಸಂತೋಷ.

ಪುಸ್ತಕ ಬರೆಯಲು ಕ್ಲಬ್ಬು ಒಬ್ಬ ಇತಿಹಾಸಾಧಿಕಾರಿಯನ್ನು ನೇಮಿಸಿತು. ಆತ ಹಿಂದೆ ಹಾಸಿಗೆ ಅಂಗಡಿಗೆ ಜಾಹೀರಾತು ಬರೆಯುತ್ತಿದ್ದವನು. ಗಟ್ಟಿ ಹಾಸಿಗೆಯನ್ನೂ ಮೆತ್ತಗೆ ಮಾಡುವ ಕೈ. ಆದರೂ ಮೊದಲ ಪ್ರತಿಯಲ್ಲಿ ಪಾಪ, ನಡೆದದ್ದನ್ನು ನಡೆದ ಹಾಗೇ ಬರೆದುಬಿಟ್ಟ. ಅಧ್ಯಕ್ಷರು ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಯಜಮಾನರು. ಪುಟ ತಿರುವಿ ತಿರುವಿ ಬೆವರಿದರು.

"ಏನ್ರೀ ಇದು, ಪುಟಪುಟಕ್ಕೂ ಸೋಲ್ತಾ ಇದ್ದೀವಲ್ಲ?"

"ನಡೆದದ್ದು ಹಾಗೇ ಸಾರ್."

"ನಡೆದದ್ದು ನಡೆದುಹೋಯ್ತು. ಇನ್ನು ಮುಂದೆ ಹಾಗೆ ನಡೆದಿರಕೂಡದು."

ಈ ಮಾತು ಎಲ್ಲರಿಗೂ ನ್ಯಾಯವಾಗಿ ಕಂಡಿತು. ಕಾರ್ಯದರ್ಶಿಗಳು ಕೂಡಲೇ ಸುತ್ತೋಲೆ ಹೊರಡಿಸಿ ಗೇಟಿಗೂ ಅಂಟಿಸಿದರು:

"ಕ್ಲಬ್ಬಿನ ಸಮಸ್ತರ ಗಮನಕ್ಕೆ. ನಮ್ಮ ಗೋಲಿನೊಳಗೆ ಬಂದ ಚೆಂಡುಗಳನ್ನು ಇನ್ನು ಮುಂದೆ 'ಭೇಟಿ ನೀಡಿದ ಚೆಂಡುಗಳು' ಎಂದು ಕರೆಯತಕ್ಕದ್ದು. ಭೇಟಿ ನೀಡಿದವರನ್ನು ಲೆಕ್ಕ ಹಿಡಿಯುವುದು ಸಭ್ಯತೆಯಲ್ಲವಾದ್ದರಿಂದ ಅವುಗಳನ್ನು ಎಣಿಸತಕ್ಕದ್ದಲ್ಲ."

ಎಣಿಸದಮೇಲೆ ಸೋಲೆಲ್ಲಿ? ಇತಿಹಾಸ ಸರಸರನೆ ಸರಿಹೋಗುತ್ತಾ ಬಂತು. ಆದರೆ ಸರಿಹೋಗುವ ಇತಿಹಾಸಕ್ಕೆ ಒಂದು ಚಾಳಿ ಇದೆ ಮಕ್ಕಳೇ, ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತದೆ. ಕಾರ್ಯದರ್ಶಿಗಳಿಗೆ ಒಂದು ಸಂಶಯ ಹುಟ್ಟಿತು. ಎದುರಾಳಿಗಳಿಂದ ಭಯವೇ ಇಲ್ಲದ ತಂಡ ಗೋಲ್‌ಕೀಪರನನ್ನು ಯಾಕೆ ಇಟ್ಟುಕೊಂಡಿತ್ತು? ಕಳ್ಳರಿಲ್ಲದ ಊರಿನ ಮನೆಗೆ ಯಾರಾದರೂ ಕಾವಲು ಹಾಕುತ್ತಾರೆಯೇ? ಸಭೆ ಸೇರಿತು, ಬಿಸ್ಕತ್ತು ಬಂತು, ತೀರ್ಮಾನವಾಯಿತು: ಈ ಕ್ಲಬ್ಬಿನಲ್ಲಿ ಗೋಲ್‌ಕೀಪರ್ ಎಂಬವನು ಯಾವ ಕಾಲಕ್ಕೂ ಇದ್ದವನಲ್ಲ.

ಚಿಲಕ ಟಿಕೆಟ್ ಹರಿಯುವುದನ್ನು ಬಿಟ್ಟು ಕಚೇರಿಗೆ ನುಗ್ಗಿದ. "ಸಾರ್, ಹಾಗಾದ್ರೆ ನಾನು ಯಾರು?"

"ನೀವು ಟಿಕೆಟ್ ಹರಿಯೋರು," ಅಂದರು ಕಾರ್ಯದರ್ಶಿಗಳು, ಬಹಳ ಮರ್ಯಾದೆಯಿಂದ.

"ಈ ಬೆರಳು?"

ಕಾರ್ಯದರ್ಶಿಗಳು ಕನ್ನಡಕ ಏರಿಸಿ ಬೆರಳನ್ನು ನೋಡಿದರು. ಸಾಕ್ಷ್ಯ ಎದ್ದು ನಿಂತಿತ್ತು, ಅಂದರೆ ಬಾಗಿ ನಿಂತಿತ್ತು. ಆದ್ದರಿಂದ ಬೆರಳು ಪರಿಶೀಲನಾ ಉಪಸಮಿತಿ ರಚನೆಯಾಯಿತು. ಕಾರ್ಯದರ್ಶಿಗಳೂ ಅಧ್ಯಕ್ಷರ ಭಾವಮೈದನೂ ಚಿಲಕನ ಮನೆಗೇ ಬಂದು, ಟೈಲರಮ್ಮನ ಅಳತೆ ಪಟ್ಟಿಯನ್ನೇ ಇಸಕೊಂಡು, ಬೆರಳನ್ನು ಮೇಲಿಂದ ಅಳೆದರು, ಕೆಳಗಿಂದ ಅಳೆದರು.

"ನೋಯುತ್ತಾ?" ಅಂದ ಭಾವಮೈದ.

"ಚಳಿಗೆ ನೋಯುತ್ತೆ."

"ಯಾವ ಕಡೆಗೆ ನೋಯುತ್ತೆ? ಕ್ಲಬ್ಬಿನ ಕಡೆಗೋ, ಮನೆ ಕಡೆಗೋ?"

ವರದಿ ಬಂತು: "ಸದರಿ ಬೆರಳು ಡೊಂಕಾಗಿರುವುದು ಕಂಡುಬಂದಿದೆ. ಡೊಂಕು ಸೋಲಿನ ಕಾಲದ್ದೆಂದು ಹೇಳಲಾಗಿದೆ. ಸೋಲಿನ ಕಾಲವೇ ಇರಲಿಲ್ಲವಾದ್ದರಿಂದ ಸದರಿ ಬೆರಳು ನೆಟ್ಟಗಿದೆಯೆಂದು ಭಾವಿಸತಕ್ಕದ್ದು. ಚೀಲ ತಗುಲಿಸಲು ಅಭ್ಯಂತರವಿಲ್ಲ."

"ನೋಡಿದ್ರಾ," ಅಂದಳು ಟೈಲರಮ್ಮ, "ಸಮಿತಿಯವರಿಗೂ ಅನುಮಾನ."

ಆದರೂ ಒಂದು ತೊಡಕು ಉಳಿಯಿತು. ಆ ಪೆನಾಲ್ಟಿಯನ್ನು ಊರು ಮರೆತಿರಲಿಲ್ಲ. ಕ್ಷೌರದಂಗಡಿಯಲ್ಲಿ ಕೂತವರೆಲ್ಲ ಇವತ್ತಿಗೂ ಅದರ ಮಾತೇ. ಇತಿಹಾಸದಿಂದ ಅದನ್ನು ತೆಗೆದರೆ ಪುಸ್ತಕ ಕೊಳ್ಳುವವರಾರು? ಇತಿಹಾಸಾಧಿಕಾರಿ ಒಂದಿಡೀ ವಾರ ಉಗುರು ಕಚ್ಚಿ ದಾರಿ ಹುಡುಕಿದ. ನಮ್ಮವರು ತಪ್ಪಾಟ ಆಡುವವರಲ್ಲ, ಹಾಗಾಗಿ ಅದು ಪೆನಾಲ್ಟಿಯಲ್ಲ, ಬಂದ ತಂಡಕ್ಕೆ ನಾವೇ ಪ್ರೀತಿಯಿಂದ ಕೊಟ್ಟ ಆತಿಥ್ಯದ ಹೊಡೆತ ಅಂತ ಬರೆದ. ಸರಿ, ಆ ಚೆಂಡನ್ನು ತಡೆದವರು ಯಾರು? ಕಚೇರಿಯ ಗೋಡೆಯಲ್ಲಿ ಆ ಕ್ಷಣದ ಫೋಟೋ ಇತ್ತು. ಅದರಲ್ಲಿ ಇದ್ದದ್ದು ಮೂರು: ಚೆಂಡು, ಎಡಗಡೆಯ ಕಂಬ, ಹಾರುತ್ತಿರುವ ಚಿಲಕ. ಚಿಲಕ ಇದ್ದವನಲ್ಲ ಅಂತ ಆಗಲೇ ತೀರ್ಮಾನವಾಗಿದೆ. ಕತ್ತರಿ ಆಡಿಸಿದಮೇಲೆ ಉಳಿದದ್ದು ಚೆಂಡು, ಕಂಬ. ಚೆಂಡು ತನ್ನನ್ನು ತಾನೇ ತಡೆದುಕೊಳ್ಳುವುದಿಲ್ಲ.

ಹೀಗೆ ಆ ಚೆಂಡನ್ನು ಕಂಬ ತಡೆಯಿತು.

ಎಡಗಂಬಕ್ಕೆ ಕ್ಲಬ್ಬಿನ ಆಜೀವ ಸದಸ್ಯತ್ವ ಕೊಟ್ಟರು. ಬಿಸಿಲಾಗಬಾರದೆಂದು ಮೇಲೆ ತಗಡಿನ ನೆರಳು ಹಾಕಿಸಿದರು. ಸಭೆಗಳಲ್ಲಿ ಅದರ ಹೆಸರಿಗೆ ಒಂದು ಕುರ್ಚಿ ಖಾಲಿ ಬಿಡುತ್ತಿದ್ದರು. ಯಾವ ವಿಷಯಕ್ಕೂ ಅದು ಆಕ್ಷೇಪ ಎತ್ತಲಿಲ್ಲವಾದ್ದರಿಂದ ಅಧ್ಯಕ್ಷರಿಗೆ ಬಹಳ ಹಿಡಿಸಿತು. ಬಲಗಂಬ ಅಸಮಾಧಾನಗೊಂಡೀತೆಂದು ಅದಕ್ಕೂ ಒಂದು ಕೋಟು ಬಣ್ಣ ಹೊಡೆಸಿದರು.

ಇತಿಹಾಸ ಹೀಗೆ ಸಿದ್ಧವಾದಮೇಲೆ ಆಟ ಅದಕ್ಕೆ ತಕ್ಕಂತೆ ನಡೆಯಬೇಡವೇ? ಆಗಿನ ಗೋಲ್‌ಕೀಪರನನ್ನು ಪರಂಪರೆಗೆ ವಿರುದ್ಧವೆಂದು ಮನೆಗೆ ಕಳಿಸಿದರು. ಮುಂದಿನ ಪಂದ್ಯಕ್ಕೆ ಗೋಲು ಖಾಲಿ. ಎಷ್ಟು ಚೆಂಡುಗಳು ಭೇಟಿ ನೀಡಿದವು ಅಂತ ಕೇಳಬೇಡಿ, ಎಣಿಸಕೂಡದು. ಎದುರಾಳಿಗಳೇ ಹೊಡೆದು ಹೊಡೆದು ದಣಿದು, ನೀರು ಕೇಳಿದರು. ಇತಿಹಾಸಾಧಿಕಾರಿ ಮೈದಾನದ ಅಂಚಿನಲ್ಲೇ ಮೇಜು ಹಾಕಿಕೊಂಡು, ಚೆಂಡು ಒಳಗೆ ಹೋದ ಹಾಗೆಲ್ಲ ಬಿಸಿಬಿಸಿಯಾಗಿ ತಿದ್ದುತ್ತಿದ್ದ.

ಪಂದ್ಯಾವಳಿ ಮಂಡಳಿಯಿಂದ ಕಾಗದ ಬಂತು: ನಿಯಮದಂತೆ ಗೋಲ್‌ಕೀಪರ್ ಇರಲೇಬೇಕು. ಕ್ಲಬ್ಬು ಉತ್ತರ ಬರೆಯಿತು: ಇದ್ದಾರೆ, ಎಡಗಂಬ. ಮಂಡಳಿಯವರು ಈ ಉತ್ತರದಲ್ಲಿ ತಪ್ಪು ಹುಡುಕಿದರು, ಸಿಗಲಿಲ್ಲ. ಕೊನೆಗೆ, ಗೋಲ್‌ಕೀಪರ್ ಕೈಗವಸು ಧರಿಸಿರತಕ್ಕದ್ದು, ಕಂಬಕ್ಕೆ ಕೈ ಇಲ್ಲದ ಪಕ್ಷದಲ್ಲಿ ಅದರ ಪರವಾಗಿ ಒಬ್ಬ ಸಹಾಯಕ ಧರಿಸಬಹುದು ಅಂತ ಅಪ್ಪಣೆ ಕೊಟ್ಟರು.

ಕಂಬದ ಸಹಾಯಕನಾಗಲು ಯಾವ ಹುಡುಗ ಬಂದಾನು? ಯಾರೂ ಬರಲಿಲ್ಲ, ಚಿಲಕನೊಬ್ಬನೇ ಬಂದ. ಸಂದರ್ಶನ ನಡೆಯಿತು.

"ಅನುಭವ?" ಅಂದರು ಅಧ್ಯಕ್ಷರು.

"ಇಲ್ಲ ಸಾರ್. ನಾನು ಇದ್ದವನೇ ಅಲ್ವಲ್ಲ."

"ಒಳ್ಳೇದು. ಕಂಬದ ಪರಿಚಯ ಇದೆಯಾ?"

"ಮುಖ ಪರಿಚಯ ಸಾರ್. ಎರಡು ಸಲ ತಲೆ ಹೊಡ್ಕೊಂಡಿದೀನಿ."

"ಕಂಬಕ್ಕಿಂತ ಮುಂದೆ ಹೋಗಿ ಹೆಸರು ಮಾಡೋ ಆಸೆ ಇದೆಯಾ?"

"ಒಬ್ರು ನೋಡಿದ್ರೆ ಸಾಕು ಸಾರ್."

ಅದು ಅವರಿಗೆ ಅರ್ಥವಾಗಲಿಲ್ಲ, ಕೆಲಸ ಕೊಟ್ಟರು.

ಸುವರ್ಣ ವರ್ಷದ ಪಂದ್ಯದ ದಿನ ಪುಸ್ತಕ ಬಿಡುಗಡೆಯಾಯಿತು. ಟೈಲರಮ್ಮ ಒಂದು ಪ್ರತಿ ತರಿಸಿ ಆ ಪೆನಾಲ್ಟಿಯ ಪುಟ ಓದಿಸಿಕೊಂಡಳು. ಕೇಳಿ ಮುಚ್ಚಿಟ್ಟಳು. ಗಂಡನ ಮುಖ ನೋಡಿದಳು. ಮುಖ ಮಳೆಗೆ ಸಿಕ್ಕ ಕಾಗದದ ಹಾಗಿತ್ತು. ಹಾಸ್ಯ ಮಾಡಬೇಕೆಂದು ತೆರೆದ ಬಾಯಿ ಅವಳಿಗೆ ಹಾಗೇ ಮುಚ್ಚಿಹೋಯಿತು. ಅವನ ಅಂಗಿ ತಗೊಂಡು ಬೆನ್ನಿಗೆ ಹಳೇ ಒಂದನೇ ನಂಬರು ಹೊಲಿದಳು. ನಿಯಮದ ಪ್ರಕಾರ ಆ ನಂಬರು ಕಂಬದ್ದು.

"ಇವತ್ತು ಕಣ್ಣು ಮುಚ್ಚಲ್ಲ ರೀ," ಅಂದಳು.

"ಮುಚ್ಚಿದ್ರೂ ಪರವಾಗಿಲ್ಲ ಕಣೇ. ತಡೆಯೋದು ಕಂಬ ತಾನೇ?"

ಎದುರಾಳಿಗಳು ಅದೇ ಹಳೇ ತಂಡದವರು. ಗೂಳಿಯ ಕತ್ತಿನವನ ಮಗ ಈಗ ಆಟಗಾರ, ಕತ್ತು ತಂದೆಯದೇ. ಇಬ್ಬರಿಗೂ ಒಂದೊಂದು ಗೋಲಾಗಿ, ನಮ್ಮದನ್ನು ಮಾತ್ರ ಎಣಿಸಿ, ಆಟ ಮುಗಿಯುತ್ತಾ ಬಂತು. ಆಗ ಅವರಿಗೆ ಆತಿಥ್ಯದ ಹೊಡೆತ ಸಿಕ್ಕಿತು. ಅಧ್ಯಕ್ಷರು ಎದ್ದು ನಿಂತು ಎಡಗಂಬಕ್ಕೆ ಧೈರ್ಯ ಹೇಳಿದರು.

ಟೈಲರಮ್ಮನ ರೆಪ್ಪೆ ತಾನಾಗಿಯೇ ಮುಚ್ಚಿಕೊಳ್ಳಲು ಹೊರಟಿತು. ಅವಳು ಎರಡು ಕೈಯ ಬೆರಳಿಂದ ಎರಡು ಕಣ್ಣನ್ನೂ ಅಗಲಿಸಿ ಹಿಡಿದಳು. ಪಕ್ಕದಲ್ಲಿದ್ದ ಹೆಂಗಸು ಹೆದರಿ ಸರಿದು ಕೂತಳು.

ಹುಡುಗ ಹೊಡೆದ. ನರೆತಲೆಯ ಚಿಲಕ ಎಡಕ್ಕೆ ಹಾರಿದ. ಹಾರಿದ ಅಂದರೆ, ಆ ವಯಸ್ಸಿಗೆ ಎಷ್ಟು ಹಾರಬಹುದೋ ಅಷ್ಟು. ಅವನ ನೆಟ್ಟಗಿನ ಬೆರಳುಗಳೆಲ್ಲ ಚೆಂಡಿನಿಂದ ತಪ್ಪಿದವು. ಕೊಕ್ಕೆಯ ಬೆರಳೊಂದು ತಗುಲಿತು. ಚೆಂಡು ಅದಕ್ಕೆ ತಾಗಿ, ತಿರುಗಿ, ಕಂಬದ ಹೊರಗೆ ಹೋಯಿತು. ಕಂಬ ತನ್ನ ಜಾಗದಲ್ಲೇ ಇತ್ತು.

ಜನವೆಲ್ಲ ಎದ್ದು ನಿಂತು ಕಂಬದ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಓಡಿಬಂದು ಕಂಬವನ್ನು ತಬ್ಬಿಕೊಂಡರು. ಇತಿಹಾಸಾಧಿಕಾರಿ ಮೇಜಿನಿಂದ ತಲೆಯೆತ್ತಿ, ಟೈಲರಮ್ಮ ಮುಂದಿನ ಸಾಲಿನಲ್ಲೇ ಇದ್ದಳಲ್ಲ, ಸಾಕ್ಷಿಗೆ ಅವಳನ್ನೇ ಕೇಳಿದ: "ನೀವು ಕಣ್ಣಾರೆ ನೋಡಿದ್ರಾ ಅಮ್ಮ?"

"ನೋಡ್ದೆ," ಅಂದಳು ಟೈಲರಮ್ಮ. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ಅಷ್ಟು ಹೊತ್ತು ತೆರೆದಿಟ್ಟಿದ್ದಕ್ಕೋ ಏನೋ. "ಎಂಥ ಕಂಬ ಸ್ವಾಮಿ! ಎಷ್ಟು ವರ್ಷದಿಂದ ನಾನು ನಂಬಿರಲಿಲ್ಲ. ತಪ್ಪು ನಂದೇ."

ಅವನು ಹಾಗೇ ಬರೆದುಕೊಂಡ.

ಆಮೇಲೆ ಯಾರ್‍ಯಾರು ಏನಾದರು ಅಂತೀರಾ? ಅಧ್ಯಕ್ಷರು ಈಗ ಪಂದ್ಯಾವಳಿ ಮಂಡಳಿಗೇ ಅಧ್ಯಕ್ಷರು, ಎಲ್ಲ ಕ್ಲಬ್ಬುಗಳ ಸೋಲನ್ನೂ ಒಟ್ಟಿಗೆ ತೆಗೆಸಿಹಾಕುತ್ತಿದ್ದಾರೆ. ಈಗ ಆ ದರ್ಜೆಯಲ್ಲಿ ಎಲ್ಲರೂ ಮೊದಲನೆಯವರೇ, ಬಹುಮಾನದ ಬಟ್ಟಲು ಸರತಿಯ ಮೇಲೆ ಮನೆಮನೆ ತಿರುಗುತ್ತದೆ. ಕಾರ್ಯದರ್ಶಿಗಳು ಬೆರಳು ಉಪಸಮಿತಿಯನ್ನು ಮುಚ್ಚಲು ಮರೆತರು, ಅದು ಈಗ ಮೊಣಕಾಲುಗಳನ್ನೂ ನೋಡುತ್ತಿದೆ. ಇತಿಹಾಸಾಧಿಕಾರಿ ಮುಂದಿನ ಐದು ವರ್ಷದ ಇತಿಹಾಸವನ್ನು ಮುಂಗಡವಾಗಿ ಬರೆದಿಟ್ಟಿದ್ದಾನೆ. ಎಡಗಂಬ ಗೆದ್ದಲು ಹಿಡಿದು ನಿವೃತ್ತಿಯಾಯಿತು, ಅದರ ಜಾಗಕ್ಕೆ ಬಲಗಂಬಕ್ಕೆ ಬಡ್ತಿ ಸಿಕ್ಕಿತು.

ಚಿಲಕ ಇನ್ನೂ ಕಂಬದ ಸಹಾಯಕನೇ. ಊರಿನವರು ಈಗಲೂ ಕ್ಷೌರದಂಗಡಿಯಲ್ಲಿ ಅವನ ಎದುರಿಗೇ ಕಂಬದ ಗುಣಗಾನ ಮಾಡುತ್ತಾರೆ. ಅವನೂ "ಹೌದೌದು" ಅಂತ ತಲೆಯಾಡಿಸುತ್ತಾನೆ. ಚಳಿ ಬಿದ್ದ ಸಂಜೆ ಮನೆಗೆ ಬಂದರೆ ಟೈಲರಮ್ಮ ಹೊಲಿಗೆ ಯಂತ್ರ ಪಕ್ಕಕ್ಕೆ ಸರಿಸಿ, ಬಿಸಿನೀರಿನ ಬೋಗುಣಿ ತಂದಿಟ್ಟು, ಆ ಕೊಕ್ಕೆ ಬೆರಳನ್ನು ಅದರೊಳಗೆ ಮುಳುಗಿಸಿ ಮೆಲ್ಲಗೆ ನೀವುತ್ತಾ ಕೇಳುತ್ತಾಳೆ:

"ಕಂಬಕ್ಕೆ ಇವತ್ತು ತುಂಬಾ ನೋವಾ ರೀ?"